ಐದನೇ ಪ್ರತಿ

ಮನುಷ್ಯನ ಘನತೆಯನ್ನು ಅಳೆಯುವುದು ಹೇಗೆ ಎಂಬ ಗಹನವಾದ ಪ್ರಶ್ನೆಯನ್ನು ನಮ್ಮ ನಾಟಕ ತಂಡ ಬಹಳ ಹಿಂದೆಯೇ ಬಗೆಹರಿಸಿಕೊಂಡಿತ್ತು: ಅವನಿಗೆ ಎಷ್ಟನೇ ಕಾರ್ಬನ್ ಪ್ರತಿ ಸಿಗುತ್ತದೆ ಎಂಬುದರಿಂದ.

ಮೇಷ್ಟ್ರು ಐದು ಹಾಳೆಗಳ ನಡುನಡುವೆ ಕಾರ್ಬನ್ ಇಟ್ಟು, ನಾಲಿಗೆ ಕಚ್ಚಿ, ಒತ್ತಿ ಒತ್ತಿ ನಾಟಕ ಬರೆಯುತ್ತಿದ್ದರು. ಮೇಲಿನ ಹಾಳೆ ನಾಯಕನಿಗೆ; ಎರಡನೆಯದು ನಾಯಕಿಗೆ, ಅಂದರೆ ಅವನ ಹೆಂಡತಿಗೆ. ಹೀಗೆ ಇಳಿಯುತ್ತ ಐದನೆಯದಕ್ಕೆ ಬರುವಷ್ಟರಲ್ಲಿ ಅಕ್ಷರಗಳು ಇದ್ದೂ ಇಲ್ಲದಂತಾಗುತ್ತಿದ್ದವು.

ಈ ಸಲ ಅದು ದರ್ಜಿ ಅಕ್ಕನ ಪಾಲಿಗೆ ಬಂತು. ವರ್ಷಗಟ್ಟಲೆ ಉಳಿದವರ ಉಡುಪು ಹೊಲಿದು, ಕೊನೆಗೆ ಕಾಡಿ ಬೇಡಿ ಪಡೆದ ಪಾತ್ರ: ಮನೆಗೆಲಸದವಳು. ಮೂರೇ ಮಾತು. ತಾಲೀಮಿನಲ್ಲಿ ತಪ್ಪಿದರೆ ಪಾತ್ರವನ್ನೇ ಕಿತ್ತುಕೊಳ್ಳುವುದಾಗಿ ನಾಯಕ ಹೇಳಿದ್ದ.

ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ತಾಲೀಮು. ಅವಳು ಹಾಳೆಯನ್ನು ಕಣ್ಣಿಗೆ ಅಂಟಿಸಿಕೊಂಡು ಓದಿದಳು: "ಅಮ್ಮಾವ್ರು ನಿನ್ನೆ ತುಂಬಾ ಸತ್ತರು."

ಅಮ್ಮಾವ್ರಾಗಿ ಪಕ್ಕದಲ್ಲೇ ನಿಂತಿದ್ದ ನಾಯಕಿ ಬೆಚ್ಚಿಬಿದ್ದಳು. "ಲೇ, ನಾನಿನ್ನೂ ಎರಡು ಹಾಡು ಹಾಡಬೇಕು ಕಣೇ!"

"ಅದು 'ಅತ್ತರು' ಅಂತ," ಎಂದರು ಮೇಷ್ಟ್ರು, ಐದನೇ ಪ್ರತಿಯಷ್ಟೇ ಕ್ಷೀಣವಾಗಿ.

"ತುಂಬಾ ಸಾಯೋದು ಹೇಗಮ್ಮಾ?" ನಾಯಕ ತನ್ನ ಪ್ರತಿಯಿಂದ ಗಾಳಿ ಬೀಸಿಕೊಳ್ಳುತ್ತ ಕೇಳಿದ. "ಓದೋಕೆ ಬರೋರಿಗೆ ಕೊಡಿ ಈ ಪಾತ್ರ."

"ಓದೋಕೆ ಬರುತ್ತೆ ಅಣ್ಣ. ಓದೋಕೆ ಏನಾದ್ರೂ ಇರಬೇಕಲ್ಲ? ನೀವೇ ಓದಿ ನೋಡೋಣ."

ನಾಯಕ ಅವಳ ಹಾಳೆ ಕಿತ್ತುಕೊಂಡ. ಕಿಟಕಿಗೆ ಹಿಡಿದ, ದೂರ ಹಿಡಿದ, ಕೊನೆಗೆ ತನ್ನ ಕಂಚಿನ ಕಂಠದಲ್ಲಿ ಮೊಳಗಿದ: "ಯಜಮಾನ್ರೇ, ನಿಮ್ಮ ಬಾಲ ತಂದಿದ್ದೇನೆ!"

"ಹಾಲು," ಎಂದರು ಮೇಷ್ಟ್ರು. ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. "ಏನ್ ಮಾಡ್ಲಿ, ತೆಳು ಕಾಗದ ಸಿಗಲಿಲ್ಲ. ಈ ದಪ್ಪ ಹಾಳೇಲಿ ಎಷ್ಟು ಒತ್ತಿದ್ರೂ ಕೆಳಗಡೆ ಮುಟ್ಟಲ್ಲ."

ನಾಯಕಿ ಗಂಡನ ಕಡೆ ತಿರುಗಿದಳು. "ರೀ, ನಿಮ್ಮ ಮಾತೆಲ್ಲ ಬಾಯಿಪಾಠ. ಸ್ನಾನ ಮಾಡ್ತಾನೂ ಅದನ್ನೇ ಒದರ್ತೀರಿ. ಬೀಸ್ಕೊಳ್ಳೋಕೆ ಯಾವ ಹಾಳೆಯಾದ್ರೇನು? ಅವಳಿಗೆ ಕೊಡಿ ನಿಮ್ಮ ಪ್ರತೀನ."

"ಮತ್ತೆ ನನ್ನ ಮರ್ಯಾದೆ?"

"ಅದು ಹಾಳೇಲಿ ಇದ್ದಿದ್ರೆ ನೀವು ಬೀಸೋ ಬೀಸಿಗೆ ಎಂದೋ ಹಾರಿಹೋಗಿರ್ತಿತ್ತು."

ನಾಯಕ ರಾಜ್ಯವನ್ನೇ ತ್ಯಾಗ ಮಾಡುವವನಂತೆ ಹಾಳೆಯನ್ನು ಚಾಚಿದ. ದರ್ಜಿ ಅಕ್ಕ ಮೂರು ಮಾತನ್ನೂ ತಡವರಿಸದೆ ಓದಿದಳು. ಮತ್ತೊಮ್ಮೆ ಹಾಳೆ ನೋಡದೆಯೇ ಹೇಳಿದಳು. ಈ ಸಲ 'ಅತ್ತರು' ಎಂಬಲ್ಲಿ ಎಂಥ ದನಿ ತೆಗೆದಳೆಂದರೆ, ಅತ್ತಿದ್ದಾಳೆಂದು ಹೇಳಿಸಿಕೊಂಡ ನಾಯಕಿಯೇ ಮೂಗು ಒರೆಸಿಕೊಂಡಳು.

ಪಾತ್ರ ಅವಳಿಗೇ ಉಳಿಯಿತು.