ಹುಟ್ಟುಹಬ್ಬವಿಲ್ಲದ ಬಾವುಟ

ನಮ್ಮ ಡೆನ್ಮಾರ್ಕಿನ ಬಾವುಟ ಆಕಾಶದಿಂದ ಬಿದ್ದದ್ದು. ಎಂಟುನೂರು ವರ್ಷಗಳ ಹಿಂದೆ, ಯಾವುದೋ ಯುದ್ಧದಲ್ಲಿ ನಮ್ಮವರು ಸೋಲುತ್ತಿದ್ದಾಗ, ಬಿಳಿ ಶಿಲುಬೆಯ ಕೆಂಪು ಬಟ್ಟೆಯೊಂದು ಮೋಡದಿಂದ ಇಳಿದು ಬಂದು ಗೆಲ್ಲಿಸಿತಂತೆ. ಅಷ್ಟು ಮೇಲಿನಿಂದ ಬಂದದ್ದನ್ನು ನಾವು ಈಗ ಕೇಕಿಗೆ ಚುಚ್ಚುತ್ತೇವೆ. ಮನೆಯಲ್ಲಿ ಹುಟ್ಟುಹಬ್ಬವಿದ್ದರೆ ದೊಡ್ಡದೊಂದು ಅಂಗಳದ ಕಂಬಕ್ಕೆ ಏರುತ್ತದೆ. ಸಾವಾದರೆ ಅರ್ಧಕ್ಕೆ ನಿಲ್ಲುತ್ತದೆ. ದೇಶದ ಹೆಮ್ಮೆ ಗಿಮ್ಮೆ ಎಲ್ಲ ಆಮೇಲಿನ ಮಾತು. ಬಾವುಟ ಕಂಡರೆ ನಮ್ಮ ಬೀದಿಯವರು ಕೇಳುವುದು ಒಂದೇ: ಯಾರ ಹುಟ್ಟುಹಬ್ಬ?

ಮಾರ್ಚ್ ತಿಂಗಳ ಒಂದು ಮಂಗಳವಾರ ಎದುರುಮನೆಯ ಥೋರ್ಕಿಲ್ ಬಾವುಟ ಏರಿಸಿ, ಕುತ್ತಿಗೆ ಹಿಂದಕ್ಕೆ ಬಾಗಿಸಿ ಒಂದು ಗಳಿಗೆ ನೋಡಿ, ಸೈಕಲ್ ಹತ್ತಿ ಬಂದರಿನ ಕಡೆ ಹೋದ. ದೋಣಿಯ ಎಂಜಿನ್ನುಗಳ ಜೊತೆ ನಲವತ್ತು ವರ್ಷ ಕಳೆದು ನಿವೃತ್ತನಾದವನು, ಮಾತು ಕಡಿಮೆ. ಅವನ ಹುಟ್ಟುಹಬ್ಬ ಜೂನ್‌ನಲ್ಲಿ, ಹೆಂಡತಿ ಬೋಡಿಲಳದು ನವೆಂಬರ್‌ನಲ್ಲಿ, ಮಗಳದು ಆಗಸ್ಟ್‌ನಲ್ಲಿ. ಇಷ್ಟು ಬೀದಿಗೆಲ್ಲ ಬಾಯಿಪಾಠ. ರಾಜಮನೆತನದವರ ಹುಟ್ಟುಹಬ್ಬಕ್ಕೂ ಬಾವುಟ ಏರುವುದುಂಟು, ಆದರೆ ಅರಮನೆಯಲ್ಲೂ ಅಂದು ಯಾರೂ ಹುಟ್ಟಿರಲಿಲ್ಲ.

ಪಕ್ಕದ ಮನೆಯ ರಿಗ್ಮೋರ್ ನನ್ನ ಬಾಗಿಲು ತಟ್ಟಿ ಇದನ್ನೆಲ್ಲ ಇನ್ನೊಮ್ಮೆ ಒಪ್ಪಿಸಿದಳು. ಅವಳ ಕೈಯಲ್ಲಿ ಆಗಲೇ ಟ್ಯುಲಿಪ್ ಹೂಗಳಿದ್ದವು. ಶುಭಾಶಯ ಹೇಳಲು ಹೋಗುವವರನ್ನು ಕುತೂಹಲಕ್ಕೆ ಬಂದವರೆಂದು ಯಾರೂ ಅನ್ನುವಂತಿಲ್ಲ. ನಾನೂ ಹೊರಟೆ.

ಬಾಗಿಲು ತೆರೆದ ಬೋಡಿಲ್ ಮೊದಲು ಹೂಗಳನ್ನು ನೋಡಿದಳು, ಆಮೇಲೆ ನಮ್ಮ ತಲೆಯ ಮೇಲಿಂದ ಕಂಬವನ್ನು. ತನಗೇ ಗೊತ್ತಿಲ್ಲವೆಂದು ಹೇಳಲಾರದೆ ಥ್ಯಾಂಕ್ಸ್ ಅಂದು, ಒಳಗೆ ಕರೆದು ಕಾಫಿ ಇಟ್ಟಳು. ಎರಡನೆಯ ಲೋಟಕ್ಕೆ ಬಾಯಿ ಬಿಟ್ಟಳು. ಶರತ್ಕಾಲದಿಂದ ಥೋರ್ಕಿಲ್ ಪ್ರತಿ ಗುರುವಾರ ಪೇಟೆಗೆ ಹೋಗುತ್ತಿದ್ದಾನೆ, ಗೆಳೆಯನ ಹಳೇ ಎಂಜಿನ್ ರಿಪೇರಿಗಂತೆ. ಬರುವಾಗ ಕೈಯಲ್ಲಿ ಎಣ್ಣೆಯ ವಾಸನೆಯೂ ಇರುವುದಿಲ್ಲ.

"ಒಗೆದ ಅಂಗಿ ಹಾಕ್ಕೊಂಡು ಯಾವ ಗಂಡಸೂ ಎಂಜಿನ್ ರಿಪೇರಿಗೆ ಹೋಗಲ್ಲ," ಎಂದಳು ರಿಗ್ಮೋರ್, ಬನ್ನಿಗೆ ಬೆಣ್ಣೆ ಸವರುತ್ತ.

ನಲವತ್ತೊಂದು ವರ್ಷದ ಸಂಸಾರ ಬೋಡಿಲಳ ಕಣ್ಣೆದುರೇ ಬಿಚ್ಚಿಕೊಳ್ಳುತ್ತಿತ್ತು. ಪೇಟೆಯಲ್ಲಿ ಒಬ್ಬಳಿದ್ದಾಳೆ, ಇವತ್ತಿನ ತಾರೀಖಿಗೆ ಹುಟ್ಟಿದವಳು ಎಂಬಲ್ಲಿಗೆ ಆ ಮೇಜಿನ ಸುತ್ತ ಕೂತ ನಾವು ಮೂವರೂ ಬಂದು ಮುಟ್ಟಿದ್ದೆವು. ಗುಟ್ಟಿನವಳಿಗೆ ಊರೆಲ್ಲ ಕಾಣುವಂತೆ ಬಾವುಟ ಏರಿಸುತ್ತಾರೆಯೇ ಎಂದು ನಾನು ಕೇಳಿದ್ದಕ್ಕೆ, ಗಂಡಸರಿಗೆ ಅಷ್ಟು ತಲೆ ಎಲ್ಲಿದೆ ಎಂದು ರಿಗ್ಮೋರ್ ನನ್ನನ್ನೂ ಸೇರಿಸಿ ಉತ್ತರಿಸಿದಳು.

ಸಂಜೆ ಥೋರ್ಕಿಲ್ ಬಂದ. ಹೊತ್ತು ಮುಳುಗಿದ ಮೇಲೂ ಬಾವುಟ ಹಾರುತ್ತಿದ್ದರೆ ಅದು ಸೈತಾನನಿಗೆ ಮಾಡಿದ ನಮಸ್ಕಾರ ಎಂದು ನಮ್ಮಲ್ಲಿ ಮಾತಿದೆ. ನೆಲಕ್ಕೆ ತಾಗಿದರೆ ಇನ್ನೂ ಕೆಟ್ಟದ್ದು. ಹಾಗಾಗಿ ಇಳಿಸಲು ಇಬ್ಬರು ಬೇಕು: ಒಬ್ಬರು ಹಗ್ಗಕ್ಕೆ, ಒಬ್ಬರು ಬಟ್ಟೆಗೆ. ಆ ಮನೆಯಲ್ಲಿ ಬಟ್ಟೆ ಹಿಡಿಯುವುದು ಬೋಡಿಲ್. ಅಂದು ಅವಳು ಕೈಕಟ್ಟಿ ನಿಂತಳು. ರಿಗ್ಮೋರ್ ಮತ್ತು ನಾನು ಬೇಲಿಯಾಚೆ, ಕೊಂಬೆ ಕತ್ತರಿಸುವ ನೆಪದಲ್ಲಿದ್ದೆವು.

ಬಾವುಟ ಅರ್ಧಕ್ಕಿಂತ ಕೆಳಗೆ ಬಂತು. ಗಾಳಿ ಇತ್ತು.

"ಬೋಡಿಲ್, ತುದಿ ಹಿಡ್ಕೋ."

"ಮೊದ್ಲು ಹೇಳು. ಯಾರ ಹುಟ್ಟುಹಬ್ಬ?"

"ಹುಲ್ಲಿಗೆ ತಾಗುತ್ತೆ ಕಣೇ."

"ತಾಗ್ಲಿ."

ನಮ್ಮ ಬೀದಿಯಲ್ಲಿ ಆ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ರಿಗ್ಮೋರಳ ಕತ್ತರಿ ನಿಂತಿತು. ಥೋರ್ಕಿಲ್ ಹಗ್ಗ ಬಿಡುವಂತಿರಲಿಲ್ಲ, ಎಳೆಯುವಂತಿರಲಿಲ್ಲ. ಬಾವುಟದ ಮೂಲೆ ಹುಲ್ಲಿನಿಂದ ಒಂದು ಗೇಣು ಮೇಲೆ ಒದ್ದಾಡುತ್ತಿತ್ತು.

"ಯಾರದ್ದೂ ಅಲ್ಲ," ಎಂದ ಕೊನೆಗೆ, ಹಗ್ಗಕ್ಕೆ ಹೇಳುವವನಂತೆ. "ಹೊಟ್ಟೇಲಿ ಗಡ್ಡೆ ಇತ್ತು. ಗುರುವಾರ ಗುರುವಾರ ಆಸ್ಪತ್ರೆಗೆ ಹೋಗ್ತಿದ್ದೆ. ಈಗ ಇಲ್ವಂತೆ. ನಿನ್ನೆ ಫೋನ್ ಮಾಡಿ ಹೇಳಿದ್ರು."

ಬೋಡಿಲ್ ಎರಡೇ ಹೆಜ್ಜೆಯಲ್ಲಿ ಹೋಗಿ ಮೂಲೆ ಹಿಡಿದಳು. ಇಬ್ಬರೂ ಎದುರುಬದುರು ನಿಂತು ಮಡಿಸಿದರು. ಮಡಿಕೆ ಚಿಕ್ಕದಾದಂತೆಲ್ಲ ಹತ್ತಿರ ಬರಬೇಕಾಯಿತು.

"ನನಗ್ಯಾಕೆ ಹೇಳ್ಲಿಲ್ಲ?"

"ಗಾಬರಿ ಪಡ್ತೀಯ ಅಂತ."

"ಇವತ್ತು ಗಾಬರಿ ಏನಿತ್ತು? ಕಂಬಕ್ಕೆ ಹೇಳಿದೆ, ಬೀದಿಗೆ ಹೇಳಿದೆ. ರಿಗ್ಮೋರ್ ಕೈಲಿ ಹೂ ತರಿಸ್ದೆ."

"ಹೇಳೋಕೆ ಬಾಯಿ ಬರ್ಲಿಲ್ಲ," ಎಂದ ಥೋರ್ಕಿಲ್. "ಏರ್ಸೋಕೆ ಕೈ ಬಂತು."

ರಿಗ್ಮೋರ್ ಸಂತೋಷಪಟ್ಟಳು, ಒಳ್ಳೆಯ ಹೆಂಗಸು. ಆದರೂ ಒಂದಿಷ್ಟು ನಿರಾಶೆ ಅವಳ ಮುಖದಿಂದ ಇಳಿಯಲು ಹೊತ್ತು ಹಿಡಿಯಿತು.

ಮಡಿಸಿದ ಬಾವುಟವನ್ನು ಬೋಡಿಲ್ ಒಳಗೆ ಒಯ್ದಳು. ಥೋರ್ಕಿಲ್ ಅದೇ ಹಗ್ಗಕ್ಕೆ ಕೆಂಪು ಬಿಳಿಯ ಸಣಕಲು ಪಟ್ಟಿಯನ್ನು ಕಟ್ಟಿ ಏರಿಸಿದ. ವಿಶೇಷವಿಲ್ಲದ ದಿನಗಳಲ್ಲಿ ಕಂಬ ಬೋಳಾಗಿರಬಾರದೆಂದು ಎಲ್ಲ ಮನೆಗಳಲ್ಲೂ ಹಗಲೂ ರಾತ್ರಿ ಹಾರುವುದು ಅದೇ. ಮನೆಯಲ್ಲಿ ಎಲ್ಲ ಮಾಮೂಲು ಎಂದು ಅದರ ಅರ್ಥ.

ಮೊನ್ನೆ ಬೆಳಿಗ್ಗೆ ಬೋಡಿಲ್ ಅಂಗಳದಲ್ಲಿ ನಿಂತು ಆ ಪಟ್ಟಿಯನ್ನೇ ನೋಡುತ್ತಿದ್ದಳು. ಏನು ವಿಶೇಷ ಎಂದು ಕೇಳಿದೆ.

"ಏನೂ ಇಲ್ಲ ಅಂತಿದೆ ಅದು," ಎಂದಳು. "ಚಳಿಗಾಲ ಪೂರ್ತಿ ಹಾಗೇ ಅಂತಿತ್ತು."