ಮೈನಸ್ ನಾನೂರ ಮೂರು

ಅಕ್ಕನ ಕುರ್ಚಿಯ ಐದು ಚಕ್ರಗಳಲ್ಲಿ ಎರಡು ಇರಲಿಲ್ಲ. ಗುತ್ತಿಗೆಯವರಿಗೆ ಮೂರೇ ಧಾರಾಳ ಎಂದುಕೊಂಡಿತ್ತೇನೋ ಕಂಪನಿ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಎಂಟು ಜನ ಗುತ್ತಿಗೆ ಪ್ರೋಗ್ರಾಮರುಗಳು. ಹಿರಿಯಳು ಅವಳೇ ಆದ್ದರಿಂದ ಎಲ್ಲರಿಗೂ ಅಕ್ಕ.

ಅವರು ನೋಡಿಕೊಳ್ಳುತ್ತಿದ್ದುದು ಫೈಲುಗಳ ಹಳೆಯ, ಹೊಸ ಪ್ರತಿಗಳನ್ನೆಲ್ಲ ಜೋಪಾನ ಮಾಡುವ ಒಂದು ಸಾಫ್ಟ್‌ವೇರು. ಅದಕ್ಕೊಂದು ರೋಗವಿತ್ತು. ಫೈಲು ಯಾವ ಫೋಲ್ಡರಿನಲ್ಲಿದೆ ಎಂಬ ವಿಳಾಸ ಬರೆಯುವಾಗ ಕೆಲವು ಕಂಪ್ಯೂಟರುಗಳು ಬಲಕ್ಕೆ ವಾಲಿದ ಗೆರೆ ಹಾಕುತ್ತವೆ, ಕೆಲವು ಎಡಕ್ಕೆ ವಾಲಿದ ಗೆರೆ. ಗೆರೆ ಬೇರೆ ಕಡೆ ವಾಲಿದರೆ ಸಾಕು, ಈ ಮಹಾರಾಯ ಕಣ್ಣೆದುರಿನ ಫೈಲನ್ನೇ ಇಲ್ಲ ಎನ್ನುತ್ತಿದ್ದ. ಹಿಂದಿದ್ದವರು ಕಂಡಕಂಡಲ್ಲಿ ತೇಪೆ ಹಾಕಿದ್ದರು, ಒಟ್ಟು ನಾನೂರ ಹನ್ನೆರಡು ಸಾಲು ಪ್ರೋಗ್ರಾಮು; ಆದರೂ ರೋಗ ಬಿಟ್ಟಿರಲಿಲ್ಲ. ಅಕ್ಕ ಹನ್ನೊಂದು ದಿನ ತಲೆ ಕೆಡಿಸಿಕೊಂಡು ಅಷ್ಟನ್ನೂ ಕಿತ್ತು, ವಿಳಾಸ ಒಳಬರುವ ಜಾಗದಲ್ಲೇ ಗೆರೆಗಳನ್ನೆಲ್ಲ ಒಂದೇ ಕಡೆಗೆ ತಿರುಗಿಸುವ ಒಂಬತ್ತು ಸಾಲು ಬರೆದಳು. ಆಮೇಲೆ ಒಂದು ಫೈಲೂ ಕಳೆಯಲಿಲ್ಲ.

ತಿಂಗಳ ಕೊನೆಗೆ ಸಾಹೇಬರು ಕರೆದರು. ಹೆಚ್ಚು ಸಾಲು ಸೇರಿಸಿದವರಿಗೆ ಗುತ್ತಿಗೆ ಮುಂದುವರಿಯುತ್ತದೆ, ಅದು ಅವರ ಕಾನೂನು. ಪಟ್ಟಿಯ ತಳದಲ್ಲಿ ಅಕ್ಕ ಇದ್ದಳು: ಸೇರಿಸಿದ ಒಂಬತ್ತರಲ್ಲಿ ಕಿತ್ತ ನಾನೂರ ಹನ್ನೆರಡು ಕಳೆದು, ಮೈನಸ್ ನಾನೂರ ಮೂರು.

“ಕಸ ತೆಗೆದಿದ್ದೀನಿ ಸರ್.”

“ಇರಬಹುದಮ್ಮ. ಪಟ್ಟೀಲಿ ಮೈನಸ್ ಇದೆಯಲ್ಲ. ಸೋಮವಾರದಿಂದ ಬರೋದು ಬೇಡ.”

ಅಕ್ಕ ಹೊರಗೆ ಬಂದಳು. ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಫೋನು ಮಾಡಿದಳು. ಅಮ್ಮ ಬಟ್ಟೆ ಹೊಲಿಯುವವಳು. ಗೆರೆಯ ವಿಚಾರ ಒಂದಿಷ್ಟೂ ತಲೆಗೆ ಹತ್ತದಿದ್ದರೂ ಅನ್ಯಾಯ ತಟ್ಟನೆ ಅರ್ಥವಾಯಿತು.

“ಸೊಟ್ಟ ಹೊಲಿಗೆ ಬಿಚ್ಚಿದ್ದು ತಪ್ಪಂತಾ? ಹಾಗಾದ್ರೆ ಇದ್ದ ಹಾಗೇ ಸೊಟ್ಟಗೆ ಹೊಲಿದುಕೊಡು. ಅವನೇ ಹಾಕ್ಕೊಂಡು ತಿರುಗ್ಲಿ.”

ಅಕ್ಕ ಅಲ್ಲೇ ಕೂತು ನಕ್ಕಳು. ಆಮೇಲೆ ಒಳಗೆ ಹೋಗಿ, ತನ್ನ ಒಂಬತ್ತು ಸಾಲು ತೆಗೆದು ಹಳೆಯ ತೇಪೆಗಳನ್ನು ವಾಪಸು ಹಾಕುವುದಾಗಿ ಬರೆದು ಸಾಹೇಬರ ಒಪ್ಪಿಗೆಗೆ ಕಳಿಸಿದಳು. ಒಪ್ಪಿದರೆ ಮೈನಸ್ ಮಾಯ, ಫೈಲುಗಳೂ ಮಾಯ. ಸುದ್ದಿ ಕೇಳಿದ ಉಳಿದ ಏಳು ಜನಕ್ಕೂ ತಾವು ಹಿಂದೆ ಕಿತ್ತುಹಾಕಿದ್ದ ಕಸ ನೆನಪಾಯಿತು. ಅದನ್ನು ವಾಪಸು ಹಾಕುವುದಾಗಿ ಅವರೂ ಒಬ್ಬೊಬ್ಬರಾಗಿ ಬರೆದು ಕಳಿಸಿದರು.

ಲ್ಯಾಪ್‌ಟಾಪು ಎತ್ತಿಕೊಂಡು ಸಾಹೇಬರು ಮೊದಲ ಸಲ ಆ ಕೋಣೆಗೆ ಬಂದರು. ಎಂಟೂ ಜನ ಎದ್ದು ನಿಂತರು. ಮರ್ಯಾದೆಗಲ್ಲ.

“ಕೆಟ್ಟಿದ್ದನ್ನೆಲ್ಲ ವಾಪಸ್ ತರ್ತೀರಾ? ಏನಿದು?”

“ಒಪ್ಪಿಗೆಯ ಬಟನ್ ಒತ್ತೋದು ನೀವು ಸರ್,” ಎಂದಳು ಅಕ್ಕ. “ಸಾಲು ತಾನೇ ಬೇಕು ನಿಮಗೆ, ಒತ್ತಿ. ಒತ್ತಲ್ಲ ಅಂದ್ರೆ ಆ ಪಟ್ಟಿ ಹರಿದುಹಾಕಿ. ಸೋಮವಾರ ನಾವು ಎಂಟೂ ಜನ ಬರ್ತೀವಿ.”