ಎರಡು ಪತಂಗ, ನಾಲ್ಕು ಮೀಸೆ

ತೊಂಬತ್ತಾರನೇ ಇಸವಿ. ಹರಪನಹಳ್ಳಿಯ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಮಾರಣ್ಣನಿಗೆ ಗೊತ್ತಿದ್ದದ್ದು ಇನ್ಯಾರಿಗೂ ಗೊತ್ತಿರಲಿಲ್ಲ. ಪರೀಕ್ಷೆಗೆ ಇಟ್ಟಿದ್ದ ಎರಡು ಪತಂಗಗಳಿಗೆ ಮೀಸೆ ಅಂಟಿಸಿದವನು ಅವನೇ.

ಹಿಂದಿನ ವಾರ ಧೂಳು ಒರೆಸುವಾಗ ಪೆಟ್ಟಿಗೆ ಕೈಜಾರಿ ರೇಷ್ಮೆ ಪತಂಗದ ಎರಡು, ಔಡಲ ಬೆಳೆ ತಿನ್ನುವ ಹುಳುವಿನ ಪತಂಗದ ಎರಡು ಮೀಸೆ ಉದುರಿದ್ದವು. ಎರಡು ಬಾಚಣಿಗೆಯಂತೆ ಭರ್ಜರಿ, ಎರಡು ದಾರದಂತೆ ಸಪೂರ. ಯಾವ ಮೀಸೆ ಯಾರದು? ಮಾರಣ್ಣ ತನ್ನೂರು ಚಿಗಟೇರಿಯ ನ್ಯಾಯ ಹಚ್ಚಿದ. ಬೆಳ್ಳಗಿನ ರೇಷ್ಮೆಯದು ಹಾರಲೂ ಬಾರದ ಸಾಧು. ಅದಕ್ಕೇಕೆ ಗತ್ತಿನ ಮೀಸೆ? ಊರೂರು ಹಾರುವ ಕಂದು ಔಡಲದ್ದಕ್ಕೇ ಇರಲಿ ಎಂದು ಗೋಂದು ಹಚ್ಚಿ ಕೂರಿಸಿದ.

ಇವತ್ತು ಅವನ ಅಕ್ಕನ ಮಗಳು ಪ್ರಿಯಾ ಅದೇ ಪೆಟ್ಟಿಗೆಯ ಮುಂದೆ ಕೂತಿದ್ದಳು. ಎರಡನ್ನೂ ನೋಡಿ ವ್ಯತ್ಯಾಸ ಬರೆಯಬೇಕು. ಹೋದ ವರ್ಷ ಇದೇ ಪ್ರಾಕ್ಟಿಕಲ್‌ನಲ್ಲಿ ಫೇಲು. ಈ ಸಲವೂ ಹೋದರೆ ಕಾಲೇಜು ಬಿಡಿಸುವುದಾಗಿ ಮನೆಯಲ್ಲಿ ಹೇಳಿಯಾಗಿತ್ತು. ಈ ಪ್ರಶ್ನೆ ಕೈಬಿಟ್ಟರೆ ಪಾಸಾಗುವ ಹಾದಿಯೇ ಇರಲಿಲ್ಲ. ಉಳಿದವರೆಲ್ಲ ಬಾಯಿಪಾಠ ಇಳಿಸಿದರು. ಅವಳೊಬ್ಬಳು ಕಣ್ಣಿಟ್ಟು ನೋಡಿ, ಕಂಡದ್ದನ್ನೇ ಬರೆದಳು.

ಮೈಸೂರು ಕಡೆಯ ಪರೀಕ್ಷಕರು ರೇಡಿಯೊ ವಾರ್ತೆಯ ದನಿಯಲ್ಲಿ ಕೇಳಿದರು: "ಏನಮ್ಮಾ, ಮೀಸೆಗಳನ್ನು ಅದಲುಬದಲು ಬರೆದಿದ್ದೀಯಲ್ಲ. ಪುಸ್ತಕ ತಲೆಕೆಳಗೆ ಹಿಡಿದು ಓದಿದೆಯೋ?"

"ಕಂಡಿದ್ದು ಬರದೀನ್ರಿ ಸಾರ್."

ಮಾರಣ್ಣ ಮುಂದೆ ಬಂದ. "ತಪ್ಪು ನಂದ್ರೀ ಸಾರ್. ಉದುರಿದ್ದ ಮೀಸಿ ನಾನ ಹಚ್ಚಿದ್ದು."

"ಈ ಹುಡುಗಿ ನಿಮಗೇನಾಗಬೇಕು?"

"ಅಕ್ಕನ ಮಗಳ್ರೀ."

"ಹಾಗೆ ಹೇಳಿ ಮತ್ತೆ."

ಹಿಂದಿನ ಬೆಂಚಿನವರು ಕಿಸಕ್ಕೆಂದರು. "ಬೇಕಾದ್ರ ನೀವ ನೋಡ್ರಿ," ಎಂದು ಮಾರಣ್ಣ ಪೆಟ್ಟಿಗೆಯ ಗಾಜು ತೆರೆದು, ದಡಬಡ ಅವರ ಮೇಜಿಗೆ ತಂದಿಟ್ಟ. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ವರ್ಷಗಟ್ಟಲೆ ಒಣಗಿದ ಪತಂಗಗಳು. ಗಾಳಿಗೆ ರೆಕ್ಕೆ, ತಲೆ, ಮೀಸೆ ಎಲ್ಲ ಒಟ್ಟಿಗೆ ಎದ್ದು ಹೋದವು. ಪರೀಕ್ಷಕರು ಕನ್ನಡಕ ಏರಿಸುವಷ್ಟರಲ್ಲಿ ಪಿನ್ನಿಗೆ ಚುಚ್ಚಿದ ಎರಡು ಮುಂಡ ಉಳಿದಿದ್ದವು.

"ಈಗ ಏನನ್ನು ನೋಡಬೇಕು, ಹೇಳಿ."

ಮಾರಣ್ಣ ಮಂಡಿಯೂರಿ ಮೇಜಿನಡಿ ತಡಕಾಡಿದ. ದಾರದಂಥ ಮೀಸೆಯೊಂದು ಸಿಕ್ಕಿತು. ಅದು ಯಾವುದರ ತಲೆಯ ಮೇಲಿತ್ತೆಂದು ಸಾಬೀತು ಮಾಡಲು ತಲೆಯೇ ಇರಲಿಲ್ಲ. ಅವನು ಏಳುವಷ್ಟರಲ್ಲಿ ಪರೀಕ್ಷಕರು ಪ್ರಿಯಾಳ ಹಾಳೆಯ ಮೇಲಿನ ಪುಡಿ ಕೊಡವಿ, ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದ್ದರು.

"ಮುಂದಿನ ಬ್ಯಾಚ್ ಕರೆಯಿರಿ."

ಪ್ರಿಯಾ ಪೆನ್ಸಿಲು, ಸ್ಕೇಲು ಎತ್ತಿಕೊಂಡು ಅವನ ಪಕ್ಕದಲ್ಲೇ ಹಾದಳು. "ಸಾಕು ಮಾವ. ಇನ್ನೇನೂ ಮಾತಾಡಬ್ಯಾಡ."

ಮಾರಣ್ಣ ಬಾಗಿಲಿಗೆ ಹೋಗಿ ನಂಬರು ಕೂಗತೊಡಗಿದ.